ಹದಿನೇಳು ಜನ, ಹನ್ನೊಂದು ವಾರ: ಕೆಲಸ ಕಡಿತದ ಒಂದು ಹಳೆಯ ಪ್ರಕರಣ

1968ರ ಫೆಬ್ರವರಿ 3, ಶನಿವಾರ. ಫೈರ್‌ಸ್ಟೋನ್ ಟಯರ್ ಕಂಪನಿಯ ದೆಹಲಿ ವಿತರಣಾ ಕಚೇರಿಯಲ್ಲಿ ಒಂದು ನೋಟಿಸ್ ಹೊರಬಿತ್ತು. ಕಾರ್ಖಾನೆಯ ಒಂದು ವಿಭಾಗದಲ್ಲಿ ಮುಷ್ಕರ ನಡೆದು ಉತ್ಪಾದನೆ ತೀರ ಕಡಿಮೆಯಾಗಿದೆ, ಹಾಗಾಗಿ ಕೆಳಗೆ ಹೆಸರಿಸಿದವರಿಗೆ ಕೆಲಸ ಕೊಡಲಾಗುತ್ತಿಲ್ಲ, ಅವರಿಗೆ ಫೆಬ್ರವರಿ 5ರಿಂದ ಲೇ-ಆಫ್, ಅಂದರೆ ನೌಕರಿಯಿಂದ ತೆಗೆಯದೆ ತಾತ್ಕಾಲಿಕವಾಗಿ ಕೆಲಸ ನಿಲ್ಲಿಸುವುದು. ಇಷ್ಟೇ ಅದರ ಸಾರ. ಆ ಕಚೇರಿಯಲ್ಲಿದ್ದವರು 30 ಜನ. ನೋಟಿಸಿನಲ್ಲಿ ಹೆಸರಿದ್ದವರು 17. ಶನಿವಾರ ಕಾಗದ ಕೈಗೆ ಬಂತು, ಸೋಮವಾರದಿಂದ ಕೆಲಸವೂ ಇಲ್ಲ, ಸಂಬಳವೂ ಇಲ್ಲ.

ಕಂಪನಿ ಸುಳ್ಳು ಹೇಳಿರಲಿಲ್ಲ. ಮುಂಬಯಿಯಲ್ಲಿ 1967ರ ಮಾರ್ಚ್ 3ರಿಂದ ಮೇ 16ರವರೆಗೆ ಒಮ್ಮೆ ಮುಷ್ಕರವಾಗಿತ್ತು. ಅಕ್ಟೋಬರ್ 4ರಿಂದ ಮತ್ತೆ ಶುರುವಾಗಿತ್ತು. ಟಯರ್ ತಯಾರಾಗದೆ ಟಯರ್ ಹಂಚುವ ಕಚೇರಿಗೆ ಕೆಲಸವಿರುವುದಿಲ್ಲ ಎನ್ನುವುದು ಯಾರಿಗಾದರೂ ಅರ್ಥವಾಗುವ ಮಾತು. ಆದರೆ ದೆಹಲಿಯ ಈ ಹದಿನೇಳು ಜನ ಮುಷ್ಕರ ಹೂಡಿದವರಲ್ಲ. ಬಾಗಿಲಿಗೆ ಬಂದು ಕೆಲಸ ಕೊಡಿ ಎನ್ನುವುದಕ್ಕೆ ಅವರ ಕಡೆಯಿಂದ ಯಾವ ಅಡ್ಡಿಯೂ ಇರಲಿಲ್ಲ.

ಏಪ್ರಿಲ್ 22ರಂದು ಕಂಪನಿ ಲೇ-ಆಫ್ ಹಿಂತೆಗೆದುಕೊಂಡಿತು. ಸೋಮವಾರದಿಂದ ಸೋಮವಾರಕ್ಕೆ ಎಣಿಸಿದರೆ ಸರಿಯಾಗಿ ಹನ್ನೊಂದು ವಾರ, 77 ದಿನ. ಆ ಅವಧಿಗೆ ಕಂಪನಿ ವೇತನವನ್ನೂ ಕೊಡಲಿಲ್ಲ, ಪರಿಹಾರವನ್ನೂ ಕೊಡಲಿಲ್ಲ. ಅಷ್ಟರೊಳಗೆ, ಏಪ್ರಿಲ್ 19ರಂದೇ, ದೆಹಲಿ ಆಡಳಿತ ಈ ವಿವಾದವನ್ನು ಕಾರ್ಮಿಕ ನ್ಯಾಯಾಲಯಕ್ಕೆ ಒಪ್ಪಿಸಿತ್ತು. ಪ್ರಶ್ನೆ ಸರಳವಾಗಿತ್ತು: ಹದಿನೇಳು ಜನರನ್ನು ಲೇ-ಆಫ್ ಮಾಡಿದ್ದು ಕಾನೂನುಬಾಹಿರವೋ, ಅನ್ಯಾಯವೋ? ಹೌದಾದರೆ ಅವರಿಗೆ ಸಿಗಬೇಕಾದದ್ದೇನು? ಕಾರ್ಮಿಕ ನ್ಯಾಯಾಲಯ ಏನೂ ಸಿಗಬೇಕಾಗಿಲ್ಲ ಎಂದಿತು. ಕಾರ್ಮಿಕರು ಸುಪ್ರೀಂ ಕೋರ್ಟಿಗೆ ಹೋದರು. ತೀರ್ಪು ಬಂದದ್ದು 1976ರಲ್ಲಿ. ಹನ್ನೊಂದು ವಾರದ ಸಂಬಳಕ್ಕೆ ಎಂಟು ವರ್ಷ.

ಇಷ್ಟು ಹಳೆಯ ದೆಹಲಿ ಪ್ರಕರಣವನ್ನು ಕನ್ನಡದಲ್ಲಿ ಈಗ ಯಾಕೆ ಬಿಚ್ಚಬೇಕು ಎಂದರೆ, ಆ ನೋಟಿಸಿನ ಮಾತು ಪೀಣ್ಯದ ಲೇತ್ ವರ್ಕ್‌ಶಾಪಿನಲ್ಲೂ ಹುಬ್ಬಳ್ಳಿಯ ಬಟ್ಟೆ ಅಂಗಡಿಯಲ್ಲೂ ಬೇರೆ ಬೇರೆ ವೇಷದಲ್ಲಿ ಕೇಳಿಬರುವಂಥದ್ದು. ‘ಆರ್ಡರ್ ಇಲ್ಲ, ಮುಂದಿನ ವಾರದಿಂದ ನಾಲ್ಕು ದಿನ ಮಾತ್ರ ಬಾ.’ ‘ಮಧ್ಯಾಹ್ನದ ಮೇಲೆ ಬಂದರೆ ಸಾಕು.’ ಅನೇಕ ಕಡೆ ನೋಟಿಸ್ ಕೂಡ ಇರುವುದಿಲ್ಲ, ಬಾಯಿಮಾತೇ ಆದೇಶ. ಕೇಳಿಸಿಕೊಂಡವರು, ನಮ್ಮದು ಸಣ್ಣ ಜಾಗ, ನಮಗೆಲ್ಲ ಕಾನೂನು ಎಲ್ಲಿ ಬರುತ್ತದೆ ಎಂದು ಸುಮ್ಮನಾಗುತ್ತಾರೆ. ಫೈರ್‌ಸ್ಟೋನ್ ಪ್ರಕರಣ ತಲೆಕೆಳಗು ಮಾಡಿದ್ದು ಸರಿಯಾಗಿ ಈ ನಂಬಿಕೆಯನ್ನೇ.

ಕಂಪನಿಯ ವಾದ ಹೀಗಿತ್ತು. ಕೈಗಾರಿಕಾ ವಿವಾದಗಳ ಕಾಯ್ದೆ, 1947ರ 25-ಸಿ ಕಲಂ ಲೇ-ಆಫ್ ಆದವರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿದ ಮೊತ್ತದ ಅರ್ಧವನ್ನು ಪರಿಹಾರವಾಗಿ ಕೊಡಬೇಕೆನ್ನುತ್ತದೆ. ಆದರೆ 25-ಎ ಕಲಂ ಪ್ರಕಾರ 50ಕ್ಕಿಂತ ಕಡಿಮೆ ಕಾರ್ಮಿಕರಿರುವ ಕಡೆ ಅದು ಅನ್ವಯಿಸುವುದಿಲ್ಲ. ದೆಹಲಿ ಕಚೇರಿಯಲ್ಲಿದ್ದವರು ಮೂವತ್ತೇ ಜನ. ಮೇಲಾಗಿ ಆ ಕಲಮುಗಳು ಕಾರ್ಖಾನೆ, ಗಣಿ, ತೋಟ ಈ ಮೂರಕ್ಕೇ ಮೀಸಲು. ಟಯರ್ ಹಂಚುವ ಕಚೇರಿ ಮೂರರಲ್ಲಿ ಯಾವುದೂ ಅಲ್ಲ. ಕಾಯ್ದೆ ಪರಿಹಾರ ಕೊಡು ಎನ್ನುವುದಿಲ್ಲವಾದ್ದರಿಂದ ನಾವು ಕೊಡಬೇಕಾದದ್ದು ಏನೂ ಇಲ್ಲ.

ಮೊದಲ ಓದಿಗೆ ಇದರಲ್ಲಿ ತಪ್ಪು ಕಾಣುವುದಿಲ್ಲ. ತಪ್ಪಿರುವುದು ಒಂದು ಹೆಜ್ಜೆ ಹಿಂದೆ. ಪರಿಹಾರ ಎಷ್ಟು ಎಂದು ಕೇಳುವ ಮೊದಲು, ಲೇ-ಆಫ್ ಮಾಡುವ ಅಧಿಕಾರ ನಿನಗೆ ಎಲ್ಲಿಂದ ಬಂತು ಎಂದು ಕೇಳಬೇಕಲ್ಲವೇ? ಸುಪ್ರೀಂ ಕೋರ್ಟ್ ಹಿಡಿದದ್ದು ಆ ಎಳೆಯನ್ನು. ಕಾಯ್ದೆಯ 2(ಕೆಕೆಕೆ) ಕಲಂ ಲೇ-ಆಫ್ ಎಂದರೇನು ಎಂದು ಹೇಳುತ್ತದೆ: ಕಲ್ಲಿದ್ದಲು, ವಿದ್ಯುತ್ತು, ಕಚ್ಚಾ ಸಾಮಗ್ರಿಗಳ ಕೊರತೆ, ಮಾಲು ಜಮೆಯಾಗಿ ಕೂತದ್ದು, ಯಂತ್ರ ಕೆಟ್ಟದ್ದು ಇಂಥ ಕಾರಣಗಳಿಂದ ಹಾಜರಿ ಪಟ್ಟಿಯಲ್ಲಿ ಹೆಸರಿರುವವನಿಗೆ ಮಾಲೀಕನು ಕೆಲಸ ಕೊಡದಿರುವುದು. ಅದು ಪದದ ಅರ್ಥ, ಅಷ್ಟೇ. ಹಾಗೆ ಮಾಡಬಹುದು ಎಂಬ ಅಪ್ಪಣೆ ಅಲ್ಲಿ ಇಲ್ಲ. ನಿಘಂಟಿನಲ್ಲಿ ಕಳ್ಳತನಕ್ಕೆ ಅರ್ಥ ಕೊಟ್ಟಿದ್ದಾರೆಂದು ಯಾರೂ ಕದಿಯಲು ಹೊರಡುವುದಿಲ್ಲ. (ಈ ಹೋಲಿಕೆ ನನ್ನದು, ನ್ಯಾಯಾಲಯದ್ದಲ್ಲ.)

ಹಾಗಾದರೆ ಅಧಿಕಾರ ಎಲ್ಲಿಂದ ಬರಬೇಕು? ನೇಮಕಾತಿಯ ಕರಾರಿನಿಂದ ಬರಬಹುದು. ದೊಡ್ಡ ಸಂಸ್ಥೆಗಳಲ್ಲಿ, ಅಧಿಕಾರಿಗಳು ಪ್ರಮಾಣೀಕರಿಸಿದ ಸ್ಥಾಯಿ ಆದೇಶಗಳಿಂದ (ಕೆಲಸದ ಷರತ್ತುಗಳ ಲಿಖಿತ ನಿಯಮಾವಳಿಯಿಂದ) ಬರಬಹುದು. ಯಾವುದಾದರೂ ಶಾಸನದಿಂದ ಬರಬಹುದು. ದೆಹಲಿ ಕಚೇರಿಯ ಮಟ್ಟಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ. ಅಧಿಕಾರವಿಲ್ಲದೆ ಕೆಲಸ ನಿಲ್ಲಿಸಿದರೆ ನೌಕರಿಯ ಸಂಬಂಧ ಹರಿಯುವುದಿಲ್ಲ. ಹೆಸರು ಪಟ್ಟಿಯಲ್ಲೇ ಇರುತ್ತದೆ, ಕರಾರು ಜೀವಂತವಾಗಿರುತ್ತದೆ. ಅದನ್ನು ಮುರಿದವನು ಮಾಲೀಕ, ಕೆಲಸಕ್ಕೆ ಸಿದ್ಧನಾಗಿದ್ದ ಕಾರ್ಮಿಕನಲ್ಲ. ಆಗ ಕೊಡಬೇಕಾದದ್ದು ಕೂಲಿಯೇ, 25-ಸಿ ಹೇಳುವ ಅರ್ಧ ಪರಿಹಾರವಲ್ಲ.

ಇಲ್ಲಿ ಒಂದು ವಿಚಿತ್ರ ಹುಟ್ಟಿಕೊಳ್ಳುತ್ತದೆ. ಐವತ್ತು ಅಥವಾ ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ, ಸ್ಥಾಯಿ ಆದೇಶದ ಬಲದಿಂದ ಮಾಲೀಕ ಲೇ-ಆಫ್ ಮಾಡಿದರೆ, ಒಂದು ವರ್ಷದ ಸೇವೆ ಪೂರೈಸಿದ ಕಾರ್ಮಿಕನಿಗೆ ಸಿಗುವುದು ಅರ್ಧ. ಮೂವತ್ತು ಜನರ ಸಣ್ಣ ಜಾಗದಲ್ಲಿ, ಯಾವ ಕಾಗದದಲ್ಲೂ ಅಂಥ ಅಧಿಕಾರ ಬರೆದಿರದಿದ್ದರೆ, ಕಾರ್ಮಿಕ ಪೂರ್ತಿ ಕೂಲಿ ಕೇಳಬಹುದು. ಕಾನೂನು ತನ್ನನ್ನು ಬಿಟ್ಟುಬಿಟ್ಟಿದೆ ಎಂದುಕೊಂಡವನಿಗೇ ಹೆಚ್ಚು ಗಟ್ಟಿಯಾದ ನೆಲ ಸಿಕ್ಕಿತು. ಸಣ್ಣ ಮಾಲೀಕರಿಗೆ ಇದು ಕಹಿ ಎನ್ನಿಸುವುದನ್ನು ನಾನು ಅಲ್ಲಗಳೆಯುವುದಿಲ್ಲ; ಅವರಲ್ಲಿ ಅನೇಕರು ಕೈಸಾಲ ಮಾಡಿ ಸಂಬಳ ಕೊಡುವವರು. ಆದರೆ ವ್ಯಾಪಾರ ಚೆನ್ನಾಗಿ ನಡೆದ ತಿಂಗಳು ಲಾಭದಲ್ಲಿ ಪಾಲು ಕೊಡದವರು ಬಿದ್ದ ತಿಂಗಳಿನ ನಷ್ಟದಲ್ಲಿ ಮಾತ್ರ ಪಾಲು ಕೇಳುವುದು ಯಾವ ಲೆಕ್ಕ?

ತೀರ್ಪಿನ ಕೊನೆಯ ಭಾಗ ವಕೀಲರಿಗೆ ಮಾತ್ರ ರುಚಿಸುವಂಥದ್ದೆಂದು ಬಿಟ್ಟುಬಿಡುವವರೇ ಹೆಚ್ಚು. ನನಗೆ ಅದೇ ಮುಖ್ಯವಾಗಿ ಕಂಡಿದೆ. ದೆಹಲಿಯವರು ಸರ್ಕಾರದ ಮೂಲಕ ವಿವಾದವಾಗಿ ಹೋದವರು. ಅದೇ ಕಂಪನಿಯ ಲೇ-ಆಫ್‌ಗೆ ಸೇರಿದ, ಜೊತೆಯಲ್ಲೇ ವಿಚಾರಣೆಗೆ ಬಂದ ಇತರ ಮೇಲ್ಮನವಿಗಳು 33-ಸಿ(2) ಕಲಮಿನ ದಾರಿ ಹಿಡಿದಿದ್ದವು. ಅಂದರೆ, ನನಗೆ ಬರಬೇಕಾದ ಹಣವನ್ನು ಲೆಕ್ಕ ಹಾಕಿ ಕೊಡಿಸಿ ಎಂದು ಕಾರ್ಮಿಕ ನ್ಯಾಯಾಲಯಕ್ಕೆ ನೇರವಾಗಿ ಹಾಕಿದ ಅರ್ಜಿಗಳು. ವಿವಾದವಾಗಿ ಬಂದಾಗ ನ್ಯಾಯಾಲಯ ಸನ್ನಿವೇಶ ನೋಡಿ ಪೂರ್ತಿಗಿಂತ ಕಡಿಮೆ ಮೊತ್ತವನ್ನೂ ನಿಗದಿ ಮಾಡಬಹುದು. ಮುಷ್ಕರದಿಂದ ಸರಕು ಕಡಿಮೆಯಾದದ್ದು ನಿಜವೇ ಆಗಿದ್ದರಿಂದ ದೆಹಲಿಯವರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇಕಡ 75 ಸಾಕೆಂದಾಯಿತು. 33-ಸಿ(2)ರಲ್ಲಿ ಅಂಥ ತೂಗಾಟಕ್ಕೆ ಎಡೆಯಿಲ್ಲ. ಅಲ್ಲಿ ನ್ಯಾಯಾಲಯ ಮಾಡುವುದು ಲೆಕ್ಕ ಮಾತ್ರ. ಲೇ-ಆಫ್ ಕರಾರಿಗೆ ಒಪ್ಪುವಂತಿದ್ದರೆ ಸೊನ್ನೆ. ಅಧಿಕಾರವಿಲ್ಲದೆ ಮಾಡಿದ್ದರೆ ಪೂರ್ತಿ. ಒಂದೇ ಅನ್ಯಾಯ, ಎರಡು ಬಾಗಿಲು, ಎರಡು ಮೊತ್ತ. ಯಾವ ಅರ್ಜಿ ಹಾಕಬೇಕು ಎನ್ನುವುದನ್ನು ಗುಮಾಸ್ತರ ಪಾಲಿಗೆ ಬಿಡಬಾರದು ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಫೈರ್‌ಸ್ಟೋನ್‌ನ ಹದಿನೇಳು ಜನರಿಗೆ ಕೆಲಸ ಪೂರ್ತಿ ನಿಂತಿತ್ತು. ಇಂದಿನ ತಕರಾರು ಸಾಮಾನ್ಯವಾಗಿ ಅರ್ಧಂಬರ್ಧದ್ದು: ಆರು ದಿನದ ಜಾಗದಲ್ಲಿ ನಾಲ್ಕು, ಎಂಟು ಗಂಟೆಯ ಜಾಗದಲ್ಲಿ ಐದು. ಅದಕ್ಕೆ ಈ ತರ್ಕ ಎಷ್ಟು ದೂರ ಬರುತ್ತದೆ?

ದಿನಗಳ ಕಡಿತಕ್ಕೆ ನೇರವಾಗಿ ಬರುತ್ತದೆ ಎನ್ನುವುದು ನನ್ನ ಓದು. ವಾರಕ್ಕೆ ಎರಡು ದಿನ ಬರಬೇಡ ಎನ್ನುವುದು ವಾರಕ್ಕೆ ಎರಡು ದಿನದ ಲೇ-ಆಫ್ ಅಲ್ಲದೆ ಮತ್ತೇನು? ಗಂಟೆಗಳ ವಿಷಯಕ್ಕೆ ಕಾಯ್ದೆಯಲ್ಲೇ ಒಂದು ಸೂಕ್ಷ್ಮ ವಿವರಣೆ ಇತ್ತು. ನಿಗದಿತ ಹೊತ್ತಿಗೆ ಬಂದು ನಿಂತವನಿಗೆ ಎರಡು ಗಂಟೆಯೊಳಗೆ ಕೆಲಸ ಕೊಡದಿದ್ದರೆ ಅವನು ಆ ದಿನ ಲೇ-ಆಫ್ ಆದಂತೆ. ಪಾಳಿಯ ಉತ್ತರಾರ್ಧಕ್ಕೆ ಬಾ ಎಂದು ಹೇಳಿ ಆಗ ಕೆಲಸ ಕೊಟ್ಟರೆ ಅರ್ಧ ದಿನದ ಲೇ-ಆಫ್. ಹಾಗೆ ಕರೆಸಿಕೊಂಡೂ ಕೆಲಸ ಕೊಡದಿದ್ದರೆ, ಆ ಎರಡನೆಯ ಅರ್ಧಕ್ಕೆ ಲೇ-ಆಫ್ ಎನ್ನುವಂತಿಲ್ಲ, ಪೂರ್ತಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೊಡಲೇಬೇಕು. ಸುಮ್ಮನೆ ಕಾಯಿಸಿಟ್ಟುಕೊಂಡ ಹೊತ್ತಿಗೂ ಬೆಲೆಯಿದೆ ಎಂದು 1947ರ ಕಾಯ್ದೆ ಲೆಕ್ಕ ಕಟ್ಟಿತ್ತು.

ಕನಿಷ್ಠ ವೇತನ ಕಾಯ್ದೆ, 1948ರ 15ನೇ ಕಲಂ ಇನ್ನೂ ನೇರವಾಗಿತ್ತು. ದಿನದ ಲೆಕ್ಕದಲ್ಲಿ ಕನಿಷ್ಠ ವೇತನ ನಿಗದಿಯಾಗಿರುವ ಕೆಲಸದಲ್ಲಿ, ಒಬ್ಬನು ಒಂದು ದಿನ ಪೂರ್ಣ ಅವಧಿಗಿಂತ ಕಡಿಮೆ ದುಡಿದರೂ ಇಡೀ ದಿನದ ಕೂಲಿಗೆ ಹಕ್ಕುದಾರ. ಕಡಿಮೆ ದುಡಿದದ್ದು ಅವನಿಗೆ ಮನಸ್ಸಿಲ್ಲದ್ದರಿಂದ ಎಂದಾದರೆ, ಇಲ್ಲವೇ ನಿಯಮಗಳಲ್ಲಿ ಹೇಳಿದ ಇತರ ಸಂದರ್ಭಗಳಲ್ಲಿ ಮಾತ್ರ ಆ ಹಕ್ಕಿಲ್ಲ. ಮಾಲೀಕ ಕೆಲಸ ಕೊಡದೆ ಹೋದದ್ದನ್ನು ಕಾರ್ಮಿಕನ ಸೋಮಾರಿತನವೆಂದು ಬರೆಯುವಂತಿಲ್ಲ. ಐದು ಗಂಟೆ ದುಡಿಸಿ ಮನೆಗೆ ಕಳಿಸಿ ಐದು ಗಂಟೆಯ ಕೂಲಿ ಕೊಡುವವರಿಗೆ ಈ ಕಲಮಿನ ಪರಿಚಯ ಇರುವಂತೆ ಕಾಣುವುದಿಲ್ಲ.

ಮೂರನೆಯದು ಕೈಗಾರಿಕಾ ವಿವಾದಗಳ ಕಾಯ್ದೆಯ 9-ಎ ಕಲಂ. ಸೇವಾ ಷರತ್ತನ್ನು ಬದಲಿಸುವ ಮೊದಲು ಬಾಧಿತರಾಗುವ ಕಾರ್ಮಿಕರಿಗೆ 21 ದಿನದ ನೋಟಿಸ್ ಕೊಡಬೇಕು. ಯಾವ್ಯಾವ ಷರತ್ತು ಎಂಬ ಪಟ್ಟಿ ಅದರ ನಾಲ್ಕನೇ ಅನುಸೂಚಿಯಲ್ಲಿತ್ತು. ವೇತನ, ಕೆಲಸದ ಗಂಟೆಗಳು ಮತ್ತು ವಿರಾಮ, ಪಾಳಿ ಪದ್ಧತಿಯ ಬದಲಾವಣೆ ಎಲ್ಲವೂ ಅದರಲ್ಲಿದ್ದವು. ಐವತ್ತು ಜನರಿರಬೇಕು ಎಂಬ ಷರತ್ತು ಇದಕ್ಕಿಲ್ಲ. ಟಾಟಾ ಉಕ್ಕಿನ ಕಂಪನಿ ವಾರದ ರಜೆಯನ್ನು ಭಾನುವಾರದಿಂದ ಬೇರೆ ದಿನಕ್ಕೆ ಸರಿಸಿದ್ದಕ್ಕೂ ಈ ನೋಟಿಸ್ ಬೇಕಿತ್ತೆಂದು 1972ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ರಜೆಯ ದಿನ ಬದಲಿಸುವುದಕ್ಕೇ ನೋಟಿಸ್ ಬೇಕಾದರೆ, ದುಡಿಮೆಯ ದಿನವನ್ನೇ ಕಿತ್ತುಕೊಳ್ಳುವುದಕ್ಕೆ ಬೇಡವೇ? ಆದರೆ ಈ ನೋಟಿಸನ್ನು ಸರ್ವರೋಗ ಮದ್ದೆಂದು ತಿಳಿಯಬಾರದು. ಅದು ಒಪ್ಪಿಗೆ ಕೇಳುವ ಕಾಗದವಲ್ಲ, ತಿಳಿಸುವ ಕಾಗದ. ಅದರಿಂದ ಸಿಗುವುದು ಮೂರು ವಾರ. ಆ ಮೂರು ವಾರದಲ್ಲಿ ತಕರಾರು ಎತ್ತಿ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಪ್ರಕರಣ ನಿಂತರೆ, ಅದು ಮುಗಿಯುವವರೆಗೆ ಆ ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಆ ವಿಷಯದಲ್ಲಿ ಮಾಲೀಕ ಷರತ್ತು ಬದಲಿಸುವಂತಿಲ್ಲ. ನಿಜವಾದ ಬಲ ಇರುವುದು ಅಲ್ಲಿ.

ಈ ಕಾಯ್ದೆಗಳ ಜಾಗಕ್ಕೆ 2025ರ ನವೆಂಬರ್ 21ರಿಂದ ಹೊಸ ಸಂಹಿತೆಗಳು ಬಂದಿವೆ. ಕಲಮುಗಳ ಸಂಖ್ಯೆ ಬದಲಾಗಿದೆ, ಎಲುಬು ಬಹುಮಟ್ಟಿಗೆ ಹಳೆಯದೇ. ಕಡಿಮೆ ಹೊತ್ತು ದುಡಿಸಿದರೂ ಪೂರ್ತಿ ದಿನದ ಕೂಲಿ ಎನ್ನುವುದು ವೇತನ ಸಂಹಿತೆಯ 10ನೇ ಕಲಮಿಗೆ ಬಂದಿದೆ. 21 ದಿನದ ನೋಟಿಸ್ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಕಲಂ. ತುರ್ತು ಸಂದರ್ಭದಲ್ಲಿ ಕುಂದುಕೊರತೆ ಸಮಿತಿಯೊಡನೆ ಸಮಾಲೋಚಿಸಿ ಪಾಳಿ ಬದಲಿಸುವುದಕ್ಕೆ ಅದರಲ್ಲಿ ಒಂದು ಕಿಂಡಿ ಬಿಟ್ಟಿದ್ದಾರೆ. ಲೇ-ಆಫ್ ಪರಿಹಾರಕ್ಕೆ ಐವತ್ತರ ಗೆರೆ ಹಾಗೇ ಉಳಿದಿದೆ, ಆದ್ದರಿಂದ ಗೆರೆಯ ಕೆಳಗಿನವರ ಪಾಲಿಗೆ ಫೈರ್‌ಸ್ಟೋನ್ ತರ್ಕವೂ ಉಳಿದಿದೆ ಎಂದೇ ನಾನು ಓದುತ್ತೇನೆ. ಲೇ-ಆಫ್‌ಗೆ ಸರ್ಕಾರದ ಪೂರ್ವಾನುಮತಿ ಬೇಕೆಂಬ ಗೆರೆ ಮಾತ್ರ 100ರಿಂದ 300ಕ್ಕೆ ಏರಿದೆ. ಸ್ಥಾಯಿ ಆದೇಶಗಳ ಗೆರೆಯೂ 300ಕ್ಕೆ ಹೋಗಿದೆ. ಮಾಲೀಕರು ಇದನ್ನು ಬಿಡುಗಡೆ ಎಂದು ಸಂಭ್ರಮಿಸಿದರೂ, ಸ್ಥಾಯಿ ಆದೇಶವೇ ಇಲ್ಲದ ಕಾರ್ಖಾನೆಯಲ್ಲಿ ಲೇ-ಆಫ್ ಮಾಡುವ ಅಧಿಕಾರವನ್ನು ಯಾವ ಕಾಗದದಿಂದ ತೋರಿಸುತ್ತಾರೆ ಎಂಬ ಹಳೆಯ ಪ್ರಶ್ನೆ ಈಗ ಇನ್ನಷ್ಟು ಜಾಗಗಳಲ್ಲಿ ಏಳಬಹುದು. ಒಂದು ಸುಧಾರಣೆಯನ್ನು ಒಪ್ಪಿಕೊಳ್ಳಲೇಬೇಕು. ಸರ್ಕಾರ ವಿವಾದವನ್ನು ಒಪ್ಪಿಸಲಿ ಎಂದು ಕಾಯಬೇಕಾಗಿಲ್ಲ. ಸಂಧಾನ ಮುರಿದುಬಿದ್ದ ವರದಿ ಬಂದ 90 ದಿನದೊಳಗೆ ಕಾರ್ಮಿಕರೇ ನ್ಯಾಯಮಂಡಳಿಗೆ ಹೋಗಬಹುದು.

ಇನ್ನು ಕಾನೂನಿನ ಪುಸ್ತಕಕ್ಕಿಂತ ಹಾಜರಿ ಪುಸ್ತಕಕ್ಕೆ ಹತ್ತಿರದ ಮಾತು. ದಿನ ಕಡಿಮೆಯಾದಾಗ ಎಲ್ಲರೂ ನೋಡುವುದು ತಿಂಗಳ ಸಂಬಳವನ್ನು. ಕಾಣದ ನಷ್ಟ ಬೇರೆ ಕಡೆ ಇರುತ್ತದೆ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಅಡಿ ಕಾಯಿಲೆಯ ರಜೆಯ ಭತ್ಯೆ ಸಿಗಬೇಕಾದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಸಂದಿರಬೇಕು. ವಾರಕ್ಕೆ ಮೂರೇ ದಿನ ಕೆಲಸವಾದರೆ 26 ವಾರಕ್ಕೆ ಸರಿಯಾಗಿ 78. ಮಗುವಿಗೆ ಜ್ವರವೆಂದು ಒಂದು ದಿನ ಕೂತರೆ ಲೆಕ್ಕ 77ಕ್ಕೆ ಇಳಿಯುತ್ತದೆ, ಮುಂದೆ ತನಗೇ ಜ್ವರ ಬಂದಾಗ ಭತ್ಯೆ ಇಲ್ಲ. ಹಾಗೆಯೇ, ಕೆಲಸದಿಂದ ತೆಗೆಯುವಾಗ ಪರಿಹಾರ ಕೇಳಲು ವರ್ಷಕ್ಕೆ 240 ದಿನ ದುಡಿದಿರಬೇಕೆಂಬ ಲೆಕ್ಕವೊಂದಿದೆ. ವಾರಕ್ಕೆ ನಾಲ್ಕು ದಿನವೆಂದರೆ ವರ್ಷಕ್ಕೆ 208. ಕಾರ್ಮಿಕನ ತಪ್ಪಿಲ್ಲದೆ ಕೆಲಸ ನಿಂತ ದಿನಗಳಿಂದ ಸೇವೆ ತುಂಡಾಗುವುದಿಲ್ಲ ಎಂದು ಕಾನೂನು ಹೇಳುತ್ತದೆ, ನಿಜ. ಆದರೆ ತಪ್ಪು ಯಾರದೆಂದು ತೋರಿಸುವ ಕಾಗದ ಬೇಕಲ್ಲ? ಹಾಜರಿಯಲ್ಲಿ ಆ ದಿನದ ಮುಂದೆ ‘ಗೈರು’ ಎಂದು ಬರೆದಿದ್ದರೆ, ಕೆಲಸ ಕೊಡದವನ ತಪ್ಪು ಬಾರದವನ ತಪ್ಪಾಗಿ ತಿರುಗಿ ಕೂತಿರುತ್ತದೆ.

ಹಾಗಾಗಿ ಬೇಡವೆಂದ ದಿನವೂ ಗೇಟಿಗೆ ಹೋಗಿ ಬರುವುದು ಹುಚ್ಚುತನವಲ್ಲ. ಲೇ-ಆಫ್ ಇದ್ದಾಗಲೂ ಮಾಲೀಕ ಹಾಜರಿ ಪಟ್ಟಿ ಇಟ್ಟು, ಬಂದವರು ಹೆಸರು ದಾಖಲಿಸಲು ಅವಕಾಶ ಕೊಡಬೇಕೆಂದು ಹಳೆಯ ಕಾಯ್ದೆಯ 25-ಡಿ ಹೇಳುತ್ತಿತ್ತು. ದಿನಕ್ಕೊಮ್ಮೆ ಬಂದು ಮುಖ ತೋರಿಸದವನಿಗೆ ಪರಿಹಾರವಿಲ್ಲ ಎಂದು 25-ಇ ಹೇಳುತ್ತಿತ್ತು. ಒಳಗೆ ಬಿಡದಿದ್ದರೆ ‘ಇಂದು ಬೆಳಿಗ್ಗೆ ಕೆಲಸಕ್ಕೆ ಬಂದಿದ್ದೆ, ಆರ್ಡರ್ ಇಲ್ಲವೆಂದು ವಾಪಸ್ ಕಳಿಸಿದಿರಿ, ನಾನು ದುಡಿಯಲು ಸಿದ್ಧನಿದ್ದೇನೆ’ ಎಂದು ಸೂಪರ್‌ವೈಸರ್ ಮೊಬೈಲಿಗೆ ಎರಡು ಸಾಲು ಕಳಿಸಿದರೂ ನಡೆಯುತ್ತದೆ. ಜಗಳದ ದನಿ ಬೇಕಿಲ್ಲ. ತಾರೀಖು ಇರಬೇಕು, ಸಿದ್ಧನಿದ್ದೇನೆ ಎಂಬ ಮಾತು ಇರಬೇಕು. ಹಳೆಯ ಸಂಬಳ ಚೀಟಿಗಳನ್ನು ಎತ್ತಿಡಬೇಕು. ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ ಎನ್ನುವುದೇ ರೂಢಿಯಾಗಿತ್ತು ಎಂದು ತೋರಿಸಲು ನೇಮಕಾತಿ ಪತ್ರವಿಲ್ಲದವರಿಗೆ ಅವೇ ಸಾಕ್ಷಿ.

ಅಂಗಡಿ, ಹೋಟೆಲುಗಳ ಕಾನೂನಿನಲ್ಲಿ ಗಂಟೆಗಳ ಮಾತು ಇದೆಯಲ್ಲ ಎಂದು ಕೇಳುವವರಿಗೆ ಒಂದು ವಿವರ. ಕರ್ನಾಟಕದ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಹಾಕಿರುವುದು ದಿನಕ್ಕೆ 9, ವಾರಕ್ಕೆ 48 ಗಂಟೆಯ ಮೇಲ್ಮಿತಿ. ಇದಕ್ಕಿಂತ ಹೆಚ್ಚು ದುಡಿಸಬೇಡ ಎನ್ನುತ್ತದೆ, ಇಷ್ಟಾದರೂ ಕೆಲಸ ಕೊಡು ಎನ್ನುವುದಿಲ್ಲ. ನಮ್ಮ ಕಾರ್ಮಿಕ ಕಾನೂನು ಬೆಳೆದದ್ದು ಮಿತಿಮೀರಿ ದುಡಿಸುವವರ ವಿರುದ್ಧ. ದುಡಿಸದೆ ಬಿಡುವವರನ್ನು ಹಿಡಿಯಲು ಹೀಗೆ ನಾಲ್ಕು ಕಡೆಯಿಂದ ದಾರ ಹೆಣೆಯಬೇಕಾಗುತ್ತದೆ.

ಮಾಲೀಕರಲ್ಲಿ ಜಾಣರಾದವರು ಈ ದಾರವನ್ನು ಒಂದೇ ಕಾಗದದಿಂದ ಕತ್ತರಿಸುತ್ತಾರೆ. ‘ವಾರಕ್ಕೆ ನಾಲ್ಕು ದಿನದ ಕೆಲಸಕ್ಕೆ ನನ್ನ ಒಪ್ಪಿಗೆ ಇದೆ’ ಎಂಬ ಒಂದು ಸಾಲು, ಕೆಳಗೆ ಸಹಿ. ಕನಿಷ್ಠ ವೇತನದ ಹಕ್ಕನ್ನು ಅಂಥ ಸಹಿ ಅಳಿಸಲಾರದು. ಕರಾರಿನ ಮೇಲೆ ನಿಂತ ಪೂರ್ತಿ ಕೂಲಿಯ ಹಕ್ಕನ್ನು ಮಾತ್ರ ಅಲುಗಿಸಿಬಿಡುತ್ತದೆ. ‘ಈ ತಿಂಗಳಿಗೆ ಮಾತ್ರ, ನನ್ನ ಹಕ್ಕುಗಳನ್ನು ಬಿಟ್ಟುಕೊಡದೆ’ ಎಂದು ಸಹಿಯ ಮೇಲೆ ಬರೆಯಲು ಬಿಡದಿದ್ದರೆ ಆ ಕಾಗದದ ಫೋಟೊವನ್ನಾದರೂ ತೆಗೆದಿಟ್ಟುಕೊಳ್ಳಬೇಕು. 33-ಸಿ(2) ಅಡಿ ಅರ್ಜಿ ಹಾಕಿದವರಿಗೆ ಲೇ-ಆಫ್ ಅವಧಿಯ ಪೂರ್ತಿ ಹಣ ಲೆಕ್ಕ ಹಾಕಿ ಕೊಡಬೇಕೆಂದ 1976ರ ತೀರ್ಪು, ಅದೇ ವಾಕ್ಯದಲ್ಲಿ ಕೆಲವರನ್ನು ಹೊರಗಿಟ್ಟಿತು: ಅಷ್ಟರಲ್ಲಿ ಕಂಪನಿಯೊಡನೆ ರಾಜಿ ಮಾಡಿಕೊಂಡಿದ್ದವರನ್ನು.